ಬೆಂಕಿ ಮುಟ್ಟದ ಗಂಟು

ಮೂವತ್ತೆಂಟನೇ ಇಸವಿಯ ಸೆಪ್ಟೆಂಬರಿನಲ್ಲಿ ದೇಶ ತನ್ನ ಗಂಡಸರನ್ನೆಲ್ಲ ಗಡಿಗೆ ಕರೆದಾಗ, ಹ್ರಾದೊಕ್ ಪೇಟೆಯ ಚೌಕದಲ್ಲಿ ಒಬ್ಬ ಹವಾಲ್ದಾರ ಹೆಸರು ಕೂಗುತ್ತಿದ್ದ. ರೈತ, ರೈತ, ಬಡಗಿ, ರೈತ ಎಂದು ಸರಾಗವಾಗಿ ಹೋಗುತ್ತಿದ್ದ ನಾಲಗೆ ಒಂದು ಕಡೆ ತಡೆಯಿತು. ಹೊಲಾನಿಕ್ ಇಮ್ರಿಖ್, ಟೆಲಿಗ್ರಾಫ್ ಪಡೆ, ಕಸುಬು ಒಡೆದ ಮಡಕೆ ಕಟ್ಟುವುದು. ನೆರೆದವರೆಲ್ಲ ನಕ್ಕರು. ಟೆಲಿಗ್ರಾಫಿಗೂ ಮಡಕೆಗೂ ಎಲ್ಲಿಯ ಸಂಬಂಧ ಎಂದು ನಕ್ಕಿದ್ದು. ಊರವರ ಬಾಯಲ್ಲಿ ಇಮ್ರೊ ಆದ ಅವನು ಮಾತ್ರ ತನ್ನ ಪಾಡಿಗೆ ಮುಂದೆ ಹೋಗಿ, ತಂತಿಯ ಸುರುಳಿಯನ್ನು ಬೆನ್ನಿಗೇರಿಸಿಕೊಂಡು ಸಾಲಿನಲ್ಲಿ ನಿಂತ. ಅವನ ಮಟ್ಟಿಗೆ ಅವೆರಡೂ ಒಂದೇ ಕಸುಬು. ಹಾಗೆ ನಂಬಿದ್ದರಿಂದಲೇ ಅವನ ಬಾಳು ಅಷ್ಟು ಸುತ್ತು ಸುತ್ತಿದ್ದು.

ನನ್ನ ಹೆಸರು ಕೊರ್ನೇಲಿಯಾ. ಲಾಜಿ ಹಳ್ಳಿಯ ಅಂಚೆಮನೆಯನ್ನು ಬಹಳ ವರ್ಷ ನಡೆಸಿದವಳು. ಊರವರಿಗೆ ಪೋಸ್ಟಮ್ಮ. ಕಾಗದ ಹಂಚುವುದು, ಪಿಂಚಣಿ ಕೊಡುವುದು, ಟೆಲಿಫೋನಿನ ಪುಟ್ಟ ಸ್ವಿಚ್‌ಬೋರ್ಡಿನ ಮುಂದೆ ಕೂತು ಈ ತೂತಿನದನ್ನು ಆ ತೂತಿಗೆ ಸಿಕ್ಕಿಸುವುದು, ಎಲ್ಲಕ್ಕೂ ನಾನೊಬ್ಬಳೇ. ಇಬ್ಬರು ಮಾತಾಡುವಾಗ ನಡುವಿನವಳು ಕಿವಿಗೊಡಬಾರದು ಎಂಬುದು ಇಲಾಖೆಯ ಕಾನೂನು. ಅದನ್ನು ಬರೆದ ಮಹಾನುಭಾವ ಲಾಜಿಯಲ್ಲಿ ಒಂದು ಚಳಿಗಾಲ ಕಳೆದಿದ್ದರೆ ತಾನೇ ಅದನ್ನು ಹರಿದು ಒಲೆಗೆ ಹಾಕುತ್ತಿದ್ದ. ನಾನು ಕೇಳುತ್ತಿದ್ದೆ. ಕೇಳಿದ್ದರಿಂದಲೇ ಈಗ ಹೇಳುತ್ತಿದ್ದೇನೆ.

ನಮ್ಮ ಕಣಿವೆಯ ನೆಲದಲ್ಲಿ ಕಲ್ಲು ಬೆಳೆದಷ್ಟು ಚೆನ್ನಾಗಿ ಬೇರೇನೂ ಬೆಳೆಯುವುದಿಲ್ಲ. ಅದಕ್ಕೇ ಗಂಡಸರು ತಲೆಮಾರುಗಳಿಂದ ತಂತಿ ನಂಬಿ ಬದುಕಿದವರು. ಬೆನ್ನಿಗೊಂದು ಮರದ ಚೌಕಟ್ಟು, ಅದರಲ್ಲಿ ತಂತಿ, ಇಕ್ಕಳ, ಇಲಿಬೋನು. ಊರೂರು ಅಲೆದು, ಬಿರುಕು ಬಿಟ್ಟ ಮಡಕೆಗೆ ತಂತಿಯ ಬಲೆ ಹೆಣೆದು ಮತ್ತೆ ನೀರು ನಿಲ್ಲುವಂತೆ ಮಾಡಿ ಕೊಡುವುದು. ಇವರನ್ನು ದ್ರೋತಾರರು ಎನ್ನುತ್ತೇವೆ. ಹೀಗೆ ವಾರ್ಸಾದವರೆಗೆ ನಡೆದವರಿದ್ದಾರೆ, ಅದಕ್ಕೂ ಆಚೆ ಹೋದವರಿದ್ದಾರೆ. ಇಮ್ರೊನಿಗೆ ಅಪ್ಪ ಇರಲಿಲ್ಲ. ಶಿಮೊನ್ ಅಜ್ಜನ ಹಿಂದೆ ಅಲೆದು ಕಸುಬು ಕಲಿತ. ಅಜ್ಜ ಹೇಳಿಕೊಟ್ಟ ಮೊದಲ ಪಾಠ, ತಂತಿಗೆ ಬೆಂಕಿ ಮುಟ್ಟಿಸಬೇಡ ಎಂಬುದು. ಬೆಸುಗೆ ಹಾಕುವುದು ತಗಡಿನವರ ಕೆಲಸ. ತಂತಿಯವನ ಗಂಟು ಕೈಯಲ್ಲೇ ಹುಟ್ಟಬೇಕು, ಕೈಯಲ್ಲೇ ನಿಲ್ಲಬೇಕು. ಇಮ್ರೊ ಅದನ್ನು ವೇದವಾಕ್ಯ ಮಾಡಿಕೊಂಡ.

ಆ ಮೂವತ್ತೆಂಟಕ್ಕೆ ಬಹಳ ಹಿಂದೆ, ಹರೆಯದಲ್ಲಿ ಮೊದಲ ಸಲ ಸೈನ್ಯಕ್ಕೆ ಹೋದಾಗ ಏನು ಕೆಲಸ ಬರುತ್ತದೆ ಎಂದು ಕೇಳಿದರಂತೆ. ತಂತಿ ಕೆಲಸ ಎಂದನಂತೆ. ಅವರಿಗೆ ಆಗ ಹೊಸ ದೇಶ, ಹೊಸ ಸೈನ್ಯ, ಟೆಲಿಫೋನು ಹಾಕುವವರಿಗಾಗಿ ಹುಡುಕಾಟ. ಕೂಡಲೇ ಟೆಲಿಗ್ರಾಫ್ ಪಡೆಗೆ ದಬ್ಬಿದರು. ಅಲ್ಲಿ ಅವನು ರಾಜ. ಬೆನ್ನಿಗೆ ಸುರುಳಿ ಕಟ್ಟಿಕೊಂಡು ಕಾಡಿನಲ್ಲಿ ತಂತಿ ಎಳೆಯುತ್ತ ಓಡುವುದು ಇತರರಿಗೆ ಶಿಕ್ಷೆ, ಇವನಿಗೆ ಚಿಕ್ಕಂದಿನ ನಡಿಗೆ. ಸೈನ್ಯದ ತಂತಿ ಇವತ್ತು ಹಾಸಿ ನಾಳೆ ಸುತ್ತಿಡುವಂಥದ್ದು. ತಿರುಚಿ ಪಟ್ಟಿ ಸುತ್ತಿದರೆ ಮುಗಿಯಿತು, ಬೆಸುಗೆಯ ಗೋಜೇ ಇಲ್ಲ. ಅಜ್ಜನ ಮಾತೇ ಸರಿ ಎಂದು ಅವನಿಗೆ ಇನ್ನಷ್ಟು ಗಟ್ಟಿಯಾಯಿತು.

ಅಲ್ಲಿಂದ ಬಂದವನೇ ಅಂಚೆ ಇಲಾಖೆಯ ಲೈನ್‌ಮನ್ ಆದ. ಹ್ರಾದೊಕ್‌ನಿಂದ ಲಾಜಿಗೆ ಮೊದಲ ಟೆಲಿಫೋನ್ ತಂತಿ ಎಳೆದ ತಂಡದಲ್ಲಿ ಅವನೂ ಇದ್ದ. ಉಳಿದವರು ಗಂಟು ಹಾಕಿ, ದೀಪ ಹೊತ್ತಿಸಿ, ತವರ ಕರಗಿಸಿ ಬೆಸುಗೆ ಬಿಡುತ್ತಿದ್ದರು. ಇವನು ಬರಿಗೈಯಲ್ಲಿ ತಿರುಚುತ್ತಿದ್ದ. ಆಹಾ, ಆ ಗಂಟುಗಳ ಚೆಂದವೇ ಚೆಂದ. ಹೆಣ್ಣುಮಕ್ಕಳ ಜಡೆ ಅಷ್ಟು ನೀಟಾಗಿರುವುದಿಲ್ಲ. ಮೇಸ್ತ್ರಿ ಕೆಳಗಿನಿಂದ ಕತ್ತೆತ್ತಿ ನೋಡಿ, ಎತ್ತು ಕಟ್ಟಿ ಎಳೆದರೂ ಬಿಚ್ಚದು ಎಂದು ಮೆಚ್ಚಿ ಮುಂದೆ ಹೋಗುತ್ತಿದ್ದ. ಬೆಸುಗೆ ಇದೆಯೋ ಇಲ್ಲವೋ ಎಂದು ಕಂಬ ಹತ್ತಿ ನೋಡುವ ಮನಸ್ಸು ಯಾರಿಗೂ ಬರಲಿಲ್ಲ.

ಆ ಮೇಲೆ ಲೈನಿನ ಉಸ್ತುವಾರಿ ಅವನದೇ. ದಿನಾ ಬೆಳಿಗ್ಗೆ ಯಾವುದಾದರೂ ಕಂಬ ಹತ್ತಿ, ಹೆಗಲಿನ ಪೆಟ್ಟಿಗೆ ಫೋನನ್ನು ತಂತಿಗೆ ಸಿಕ್ಕಿಸಿ, ಹ್ರಾದೊಕ್‌ನ ಎಕ್ಸ್‌ಚೇಂಜಿಗೆ ಕರೆ ಮಾಡಿ ಪರೀಕ್ಷಿಸಬೇಕು. ಅಲ್ಲಿ ಕೂತಿದ್ದವಳು ಯೋಲಾನಾ. ಹರಳು ಹರಳಾದ ಗಂಟಲು, ಅದಕ್ಕೆ ತಕ್ಕ ಬಿಗುಮಾನ. ಮೊದಲಿಗೆ "ಕೇಳಿಸುತ್ತಿದೆ", "ಸರಿ" ಇಷ್ಟೇ. ಕ್ರಮೇಣ ಅವನು ಕಂಬದ ಮೇಲಿಂದ ಕಂಡದ್ದನ್ನೆಲ್ಲ ಹೇಳತೊಡಗಿದ. ಪಾದ್ರಿಯ ಹಸು ಕೋಸಿನ ತೋಟಕ್ಕೆ ನುಗ್ಗಿದ್ದು, ಗಿರಣಿಯವನ ಹೆಂಡತಿ ಗಂಡನ ಟೋಪಿಯನ್ನು ಹಳ್ಳಕ್ಕೆಸೆದಿದ್ದು. ಎಕ್ಸ್‌ಚೇಂಜಿನಲ್ಲಿ ಇಲಿಗಳು ತಂತಿಯ ಹತ್ತಿ ಹೊದಿಕೆ ಕಡಿಯುತ್ತಿವೆ ಎಂದು ಅವಳು ಒಮ್ಮೆ ಬೇಸರ ಮಾಡಿಕೊಂಡಳು. ಮರುದಿನದ ಟಪಾಲು ಬಸ್ಸಿನಲ್ಲಿ ಇಮ್ರೊ ತಾನೇ ಹೆಣೆದ ಇಲಿಬೋನು ಕಳಿಸಿದ. ಹೂವು ಕೊಟ್ಟು ಹುಡುಗಿಯ ಮನಸ್ಸು ಗೆದ್ದವರನ್ನು ಕಂಡಿದ್ದೇನೆ, ಇಲಿಬೋನು ಕೊಟ್ಟು ಗೆದ್ದವನು ಇವನೊಬ್ಬನೇ.

ಯೋಲಾನಾಳ ತಾಯಿ ರೈಲ್ವೆ ಗುಮಾಸ್ತನ ವಿಧವೆ. ಗಂಡ ಸತ್ತರೂ ಗುಮಾಸ್ತಿಕೆಯ ಗತ್ತು ಸತ್ತಿರಲಿಲ್ಲ. ಬೇಸಿಗೆಯ ಒಂದು ಭಾನುವಾರ ಇಮ್ರೊ ಶುಭ್ರ ಅಂಗಿ ತೊಟ್ಟು ಹೆಣ್ಣು ಕೇಳಲು ಹೋದ. ದ್ರೋತಾರನ ಮನೆಗೆ ಮಗಳನ್ನು ಕೊಡುವುದೆಂದರೆ ದಾರಿಯ ಮೇಲೆ ಬಿಟ್ಟ ಹಾಗೆ ಎಂದು ಆಕೆ ಮುಖಕ್ಕೇ ಹೇಳಿದಳಂತೆ. ಆದರೆ ಸರ್ಕಾರಿ ನೌಕರಿಯ ಮಾತೇ ಬೇರೆ. ಹೊಸ ವರ್ಷಕ್ಕೆ ಅವನ ಕೆಲಸ ಕಾಯಂ ಆಗುವುದಿತ್ತು. ಆದ ದಿನ ಬಾ, ಉಂಗುರ ತಾ ಎಂದಳು. ಇಮ್ರೊ ಹಾರಿಕೊಂಡು ಬಂದು, ನನ್ನ ಅಂಚೆಮನೆಯ ಒಲೆಯ ಪಕ್ಕದಲ್ಲಿ ಸರ್ಕಾರದ ಸೌದೆಗೆ ಮೈ ಕಾಯಿಸಿಕೊಳ್ಳುತ್ತ ಕೂತಿರುತ್ತಿದ್ದ ಅಜ್ಜನನ್ನೂ ನನ್ನನ್ನೂ ತಬ್ಬಿಕೊಂಡ.

ಅದೇ ವರ್ಷದ ಶರತ್ಕಾಲದಲ್ಲಿ ಸೈನ್ಯ ನಮ್ಮ ಗುಡ್ಡಗಳಲ್ಲಿ ಕವಾಯತಿಗೆ ಬಂತು. ಸೈನ್ಯದ್ದೇ ತಂತಿ ಕಾಡಿನೊಳಗೆ ಮಾತ್ರ. ಪೇಟೆಯ ರೆಜಿಮೆಂಟಿನ ಜೊತೆ ಮಾತಾಡಲು ಅವರು ನನ್ನ ಲೈನನ್ನೇ ನಂಬಿದ್ದರು. ಮಳೆ ಹಿಡಿದುಕೊಂಡಿತು. ಎರಡು ವರ್ಷದಿಂದಲೂ ಮಳೆ ಬಂದರೆ ಲೈನಿನಲ್ಲಿ ಹಂದಿಕೊಬ್ಬು ಕಾಸಿದ ಹಾಗೆ ಚರಪರ ಇದ್ದೇ ಇತ್ತು. ನಾವು ಹಳ್ಳಿಯವರು, ಒದ್ದೆಯಾದರೆ ಯಾರಿಗೆ ನೆಗಡಿ ಆಗುವುದಿಲ್ಲ ಎಂದು ಸುಮ್ಮನಿದ್ದೆವು. ಈ ಸಲ ಕ್ಯಾಪ್ಟನ್ ಫೋನಿನಲ್ಲಿ ಕೂಗಿ ಕೂಗಿ ಹೇಳಿದ್ದರಲ್ಲಿ ಅರ್ಧ ಆ ಚರಪರದೊಳಗೆ ಕರಗಿಹೋಯಿತು. ಸಿಪಾಯಿಗಳು ಒಂದು ಕಣಿವೆಗೆ ಹೋದರು, ಅವರ ಅಡುಗೆ ಗಾಡಿ ಇನ್ನೊಂದು ಕಣಿವೆಗೆ ಹೋಯಿತು. ಹಸಿದ ಸಿಪಾಯಿಗಳು ಆ ಸಂಜೆ ಯಾರದೋ ಆಲೂಗಡ್ಡೆ ಹೊಲವನ್ನು ಕೈಯಲ್ಲೇ ಅಗೆದರು.

ಕ್ಯಾಪ್ಟನ್ ಕೆಂಡವಾದ. ನಡುವೆ ಕೂತವಳು ಕದ್ದು ಕೇಳಿದರೆ ಧ್ವನಿ ಕುಗ್ಗುತ್ತದೆ ಎಂದು ಅವನಿಗೆ ಯಾರೋ ಕಲಿಸಿದ್ದರು. ಹ್ರಾದೊಕ್‌ನವಳು ಸೈನ್ಯದ ಮಾತಿಗೆ ಕಿವಿಗೊಟ್ಟಿದ್ದಾಳೆ ಎಂದು ದೂರು ಬರೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಅವನೆದುರೇ ನಿಂತು, ಕದ್ದು ಕೇಳುವವಳು ನಾನು, ಆ ಹುಡುಗಿ ಅಲ್ಲ ಎಂದೆ. ಮುದುಕಿಗೆ ತಮಾಷೆ ಎಂದು ನಕ್ಕು ಹೊರಟ. ನಿಜ ಹೇಳಿದರೆ ನಂಬದವರಿಗೆ ಏನು ಮಾಡುವುದು?

ಮೇಲಿನ ಕಚೇರಿಯಿಂದ ವಾವ್ರೊ ಎಂಬ ಇನ್‌ಸ್ಪೆಕ್ಟರ್ ಬಂದ. ಕೆಟ್ಟವನಲ್ಲ, ಬೇಗ ಊಟಕ್ಕೆ ಹೋಗಬೇಕು ಎನ್ನುವ ಜಾತಿ. ಬಿಸಿಲಿನ ದಿನ ಬಂದಿದ್ದರಿಂದ ಅವನಿಗೆ ಲೈನು ಚೊಕ್ಕಟವಾಗಿಯೇ ಕೇಳಿಸಿತು. ಬೇರೆ ಕಾರಣ ಸಿಗದಿದ್ದರೆ ತಿಂಗಳ ಕೊನೆಗೆ ಯೋಲಾನಾ ಕೆಲಸ ಬಿಟ್ಟು ಮನೆಗೆ ಹೋಗಬೇಕು ಎಂದು ಹೇಳಿ ಹೋದ. ಹೋಗುವ ಕೆಲಸಕ್ಕಿಂತ ಉಳಿಯುವ ಹೆಸರು ದೊಡ್ಡ ಪೆಟ್ಟು. ನಮ್ಮ ಕಡೆ ಟೆಲಿಫೋನಿನ ಹುಡುಗಿಗೆ ಕದ್ದು ಕೇಳುವವಳು ಎಂಬ ಹೆಸರು ಅಂಟಿತೆಂದರೆ, ಅವಳ ಮುಂದೆ ಯಾರೂ ಬಾಯಿ ಬಿಡುವುದಿಲ್ಲ, ಅಂಗಡಿಯಲ್ಲೂ ಇಲ್ಲ, ಇಗರ್ಜಿಯಲ್ಲೂ ಇಲ್ಲ.

ಇಮ್ರೊನ ರಕ್ತ ಕುದಿಯಿತು. ಚರಪರ ಎಲ್ಲಿಂದ ಹುಟ್ಟುತ್ತದೆ ಎಂದು ತಾನೇ ತೋರಿಸಿಕೊಡುತ್ತೇನೆ ಎಂದ. ಎಕ್ಸ್‌ಚೇಂಜಿನ ಹಳೆಯ ಸ್ವಿಚ್‌ಬೋರ್ಡಿನಲ್ಲೇ ದೋಷ ಇರಬೇಕೆಂಬುದು ಅವನ ಖಚಿತ ನಂಬಿಕೆ. ಜಡಿಮಳೆಯ ಒಂದು ಬೆಳಿಗ್ಗೆ ಪೆಟ್ಟಿಗೆ ಫೋನು ಹೊತ್ತು ಹ್ರಾದೊಕ್ ಕಡೆಯಿಂದ ಶುರು ಮಾಡಿದ. ಕಂಬ ಹತ್ತುವುದು, ತಂತಿಯ ಗಂಟಿನ ಈಚೆಗೆ, ಅಂದರೆ ಪೇಟೆಯ ಕಡೆಗೊಮ್ಮೆ, ಆಚೆಗೊಮ್ಮೆ ಫೋನು ಸಿಕ್ಕಿಸಿ ಯೋಲಾನಾಳನ್ನು ಕೇಳುವುದು. ಅದೇ ತಂತಿಯ ಇನ್ನೊಂದು ತುದಿಯಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಮೊದಲ ಕೆಲವು ಗಂಟುಗಳಲ್ಲಿ ಏನೂ ಇಲ್ಲ. ಈಚೆಗೂ ಚೊಕ್ಕಟ, ಆಚೆಗೂ ಚೊಕ್ಕಟ. ಗಿರಣಿ ದಾಟಿದ ಮೇಲಿನ ಕಂಬದಲ್ಲಿ ಈಚೆ ಸಿಕ್ಕಿಸಿದಾಗ ಅವಳ ದನಿ ಗಂಟೆಯ ಹಾಗೆ ಬಂತು, ಆಚೆ ಸಿಕ್ಕಿಸಿದಾಗ ಚರಪರ. ಮುಂದಿನ ಗಂಟಿನಲ್ಲಿ ಏನೂ ಹೆಚ್ಚಾಗಲಿಲ್ಲ. ಅದರ ಮುಂದಿನದರಲ್ಲಿ ಚರಪರ ಇನ್ನಷ್ಟಾಯಿತು. ಹೀಗೇ ನಡೆಯಿತು. ಕೆಲವು ಗಂಟು ಸುಮ್ಮನಿದ್ದವು, ಕೆಲವು ಉರಿಯುವ ಬಾಣಲೆಗೆ ಇನ್ನಷ್ಟು ಕೊಬ್ಬು ಹಾಕಿದವು. ಸುಮ್ಮನಿದ್ದ ಗಂಟುಗಳಿಗೆಲ್ಲ ಬೆಸುಗೆ ಇದೆ ಎಂದು ಅವನ ಬಾಯಿಂದಲೇ ಬಂತು. ನನಗೇ ಅರ್ಥವಾದ ಮೇಲೆ ಅವಳಿಗೆ ಆಗದೆ ಇರುತ್ತದೆಯೇ?

"ಇಮ್ರೊ," ಎಂದಳು, "ಸದ್ದು ಮಾಡೋ ಗಂಟು ಹಾಕಿದ್ದು ಯಾರು?"

ಮಳೆ ಕಂಬಕ್ಕೆ ಬಡಿಯುವುದು ಕೇಳಿಸುತ್ತಿತ್ತು.

"ನಾನೇ," ಎಂದ.

"ಎಲ್ಲಾನೂ?"

"ಎಲ್ಲಾನೂ ನಾನೇ."

ಯೋಲಾನಾ ಅಳಲಿಲ್ಲ, ಬೈಯಲಿಲ್ಲ. "ಇದನ್ನ ನಾನು ಯಾರಿಗೂ ಹೇಳಲ್ಲ. ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ಕೆಳಗಿಳಿ, ನೆನೀತಾ ಇದ್ದೀಯ," ಎಂದು ಕರೆ ಮುಗಿಸಿದಳು.

ಅವನು ನನ್ನ ಅಂಚೆಮನೆಗೆ ಬಂದಾಗ ಬಟ್ಟೆಯಿಂದ ನೀರು ಸುರಿಯುತ್ತಿತ್ತು. ಒಂದು ಗಂಟನ್ನು ಕತ್ತರಿಸಿ ತಂದಿದ್ದ. ಬಿಚ್ಚಿ ಮೇಜಿನ ಮೇಲಿಟ್ಟ. ಹೊರಗೆ ಜಡೆಯ ಹಾಗೆ ಚೆಂದ, ಬೆಸುಗೆಯಿಲ್ಲದ ಸಂದಿಯಲ್ಲಿ ನೀರಿಳಿದು ಒಳಗೆಲ್ಲ ತುಕ್ಕು. ನಾನು ಲೋಕ ಕಂಡವಳು, ನೆಟ್ಟಗೆ ಹೇಳಿದೆ. ಬಾಯಿ ಮುಚ್ಚಿಕೊಂಡಿರು. ಯಾರಿಗೂ ಹೇಳದೆ ಒಂದೊಂದಾಗಿ ಬೆಸುಗೆ ಹಾಕು. ಹೊಸ ವರ್ಷಕ್ಕೆ ಕೆಲಸ ಕಾಯಂ ಆಗುತ್ತದೆ, ಅವಳನ್ನು ಕಟ್ಟಿಕೋ. ಮದುವೆಯಾದ ಮೇಲೆ ಅವಳ ಆ ಕೆಲಸ ಇದ್ದರೆಷ್ಟು, ಹೋದರೆಷ್ಟು? ಒಪ್ಪಿಕೊಂಡರೆ ನಿನ್ನ ನೌಕರಿಯೂ ಹೋಗುತ್ತದೆ, ನೌಕರಿಯ ಜೊತೆ ಅವಳೂ ಹೋಗುತ್ತಾಳೆ.

"ಅವಳು ಒಂದು ದಿನಾನೂ ಯಾರ ಮಾತೂ ಕದ್ದು ಕೇಳಿಲ್ಲ ಪೋಸ್ಟಮ್ಮ," ಎಂದ. "ನನ್ನ ಗಂಟಿಂದ ಅವಳಿಗೆ ಕಳ್ಳಿ ಅನ್ನೋ ಹೆಸರು ಬಂದ್ರೆ, ಆಮೇಲೆ ಅವಳು ಬಡಿಸಿದ ಊಟ ನನ್ನ ಗಂಟಲಲ್ಲಿ ಇಳಿಯುತ್ತಾ?"

ಆ ಕ್ಷಣ ಅವನ ಮೇಲೆ ಉಕ್ಕಿದ ಪ್ರೀತಿಯನ್ನು ತೋರಿಸಿಕೊಳ್ಳಬಾರದೆಂದು, ನೆಲವೆಲ್ಲ ಕೆಸರು ಮಾಡಿದೆ ಎಂದು ಬೈದು ಒಣ ಟವೆಲು ಎಸೆದೆ.

ಮರುದಿನ ಇನ್‌ಸ್ಪೆಕ್ಟರ್ ವಾವ್ರೊನ ಮುಂದೆ ನಿಂತು ಎಲ್ಲ ಹೇಳಿದನಂತೆ. ವಾವ್ರೊ ಪಾಪ ದಾರಿ ತೋರಿಸಿದ. ಗಾಳಿಮಳೆಯಿಂದ ಲೈನು ಕೆಟ್ಟಿತು ಎಂದು ಬರೆದುಬಿಡೋಣ, ಹುಡುಗಿಯನ್ನು ದೂರದ ಬೇರೆ ಎಕ್ಸ್‌ಚೇಂಜಿಗೆ ಹಾಕೋಣ, ನಿನ್ನದೂ ಉಳಿಯುತ್ತದೆ ಎಂದ. ವರ್ಗ ಮಾಡಿದರೂ ಅನುಮಾನ ಅವಳ ಬೆನ್ನ ಹಿಂದೆಯೇ ಹೋಗುತ್ತದೆ ಎಂದು ಇಮ್ರೊ ಒಪ್ಪಲಿಲ್ಲ. ತಪ್ಪು ಯಾರದೆಂದು ಕ್ಯಾಪ್ಟನ್ನಿಗೆ ತಿಳಿಸಬೇಕು, ಅವಳ ಮೇಲಿನ ದೂರು ಹಿಂದಕ್ಕೆ ಹೋಗಬೇಕು ಎಂದು ಪಟ್ಟು ಹಿಡಿದ. ಹಾಗೇ ಆಯಿತು. ಯೋಲಾನಾ ತನ್ನ ಕುರ್ಚಿಯಲ್ಲಿ ಉಳಿದಳು. ಇವನು ಹಿಮ ಬೀಳುವುದರೊಳಗೆ ತನ್ನ ಗಂಟುಗಳನ್ನೆಲ್ಲ ಸರಿಪಡಿಸಿ, ಪೆಟ್ಟಿಗೆ ಫೋನು ಒಪ್ಪಿಸಿ ಮನೆಗೆ ಹೋಗಬೇಕೆಂದು ಆಜ್ಞೆಯಾಯಿತು.

ಕೆಲಸ ಹೋದದ್ದಕ್ಕಿಂತ ಅವನಿಗೆ ಹೆಚ್ಚು ಕಷ್ಟವಾದದ್ದು ಬೆಸುಗೆಯ ದೀಪವನ್ನು ಕೈಗೆತ್ತಿಕೊಳ್ಳುವುದು. ಒಲೆಯ ಪಕ್ಕ ಕೂತಿದ್ದ ಅಜ್ಜನ ಮುಂದೆ ಟೋಪಿ ತೆಗೆದು ನಿಂತು, ತಂತಿಗೆ ಬೆಂಕಿ ಮುಟ್ಟಿಸುತ್ತಿದ್ದೇನೆ, ಕ್ಷಮಿಸಬೇಕು ಎಂದ. ಶಿಮೊನ್ ಅಜ್ಜನಿಗೆ ಏನೂ ಗೊತ್ತಾಗಲಿಲ್ಲ. ಕ್ಷಮೆ ಯಾಕೆ ಎಂದು ಕೇಳಿದ. ಇಮ್ರೊ ಮೊದಲಿನಿಂದ ಎಲ್ಲ ಹೇಳಿದ. ಅಜ್ಜ ಕೈಯಲ್ಲಿದ್ದ ಪೈಪನ್ನು ಪಕ್ಕಕ್ಕಿಟ್ಟ.

"ಲೋ ಕತ್ತೆ," ಎಂದ. "ಅದು ನಾನು ಮಡಕೆಗೆ ಹೇಳಿದ ಮಾತು. ತಂತಿ ಸುತ್ತಿದ ಮೇಲೆ ಬೆಂಕಿ ತಾಗಿಸಿದ್ರೆ ಮಡಕೆ ಸೀಳುತ್ತೆ. ನಿನ್ನ ಕಂಬದ ಮೇಲೆ ಮಡಕೆ ಎಲ್ಲಿತ್ತೋ?"

ಅಜ್ಜ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವವರ ವಿಷಯ ಕೇಳಿದ್ದೆ. ಅಜ್ಜ ನೆಡದೇ ಇದ್ದ ಮರಕ್ಕೆ ಹಾಕಿಕೊಂಡವನನ್ನು ನೋಡಿದ್ದು ಅವತ್ತೇ. ನಗುವುದೋ ಅಳುವುದೋ ತಿಳಿಯದೆ ನಾನು ಮುದ್ರೆ ಒತ್ತುವ ಕಾಗದಗಳ ಕಡೆ ತಿರುಗಿದೆ. ಯಾವ ಊರಿನ ಮುದ್ದೆಗೆ ಯಾವ ಊರಿನ ಸಾರು ಎಂಬುದನ್ನು ಯೋಚಿಸದೆ ಹಿರಿಯರ ಮಾತನ್ನು ಇಡಿಯಾಗಿ ನುಂಗುವ ಗುಣ ನಮ್ಮ ಕಣಿವೆಯವರ ರಕ್ತದಲ್ಲೇ ಇದೆ. ಬೇರೆ ಊರಿನವನಾಗಿದ್ದರೆ ಒಂದು ಸಲವಾದರೂ ಯಾಕೆ ಎಂದು ಕೇಳುತ್ತಿದ್ದ. ಇಮ್ರೊ ಕೇಳಲಿಲ್ಲ, ಏಕೆಂದರೆ ಅವನಿಗೆ ಅಜ್ಜನ ಮೇಲೆ ಅಷ್ಟು ಪ್ರೀತಿ.

ಅಂದಿನಿಂದ ಅಜ್ಜನೂ ಮೊಮ್ಮಗನ ಜೊತೆ ಹೊರಟ. ಗಾಡಿಯ ಮೇಲೆ ಕಂಬಳಿ ಹೊದ್ದು ಕೂತು, ಕಂಬದ ಮೇಲಿದ್ದವನಿಗೆ ಕೆಳಗಿನಿಂದ ಬುದ್ಧಿ ಹೇಳುವುದು, ಮಧ್ಯಾಹ್ನ ರೊಟ್ಟಿ ಮತ್ತು ಈರುಳ್ಳಿ ಹಂಚಿಕೊಳ್ಳುವುದು. ಬೆಸುಗೆ ಇಮ್ರೊನಿಗೆ ಸುಲಭಕ್ಕೆ ಒಲಿಯಲಿಲ್ಲ. ಬೆರಳು ಸುಟ್ಟುಕೊಂಡ, ತೋಳು ಸುಟ್ಟುಕೊಂಡ, ಮೊದಲು ಹಾಕಿದ್ದನ್ನು ಕಿತ್ತು ಎರಡನೇ ಸಲ ಹಾಕಿದ. ಆ ದಿನಗಳಲ್ಲಿ ಅವನು ಯೋಲಾನಾಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವಳೂ ಆಡಲಿಲ್ಲ. "ಕೇಳಿಸುತ್ತಿದೆ", "ಸರಿ". ಮತ್ತೆ ಮೊದಲಿನ ಹಾಗೆ. ಕಿವಿ ಹಚ್ಚಿ ಕೂತ ನನಗೆ ಸಿಟ್ಟು ಬರುತ್ತಿತ್ತು. ಇಬ್ಬರಿಗೂ ಒಂದೊಂದು ಬಿಡಬೇಕು ಅನಿಸುತ್ತಿತ್ತು.

ಕೊನೆಯ ಗಂಟು ನನ್ನ ಅಂಚೆಮನೆಯ ಹತ್ತಿರದ ಕಂಬದ್ದು. ಹಿಮವೂ ಮಳೆಯೂ ಬೆರೆತು ಸುರಿಯುತ್ತಿದ್ದ ಮಧ್ಯಾಹ್ನ ಅದನ್ನು ಮುಗಿಸಿ ಒಳಗೆ ಬಂದ. ಪರೀಕ್ಷೆಯ ಕೊನೆಯ ಕರೆಯನ್ನು ನನ್ನ ಮೇಜಿನ ಫೋನಿನಲ್ಲೇ ಮಾಡುತ್ತೇನೆ ಎಂದ. ಅಜ್ಜ ಒಲೆಯ ಪಕ್ಕ ತನ್ನ ಜಾಗಕ್ಕೆ ಹೋಗಿ ಕೂತ. ನಾನು ಕರೆ ಕೂಡಿಸಿ, ನನಗೂ ಕೇಳಲೆಂದು ಗುಂಡಿಯನ್ನು ಹಾಗೇ ತೆರೆದಿಟ್ಟೆ.

"ಹ್ರಾದೊಕ್," ಎಂದಳು ಯೋಲಾನಾ. ಅಷ್ಟು ಮಳೆಯಲ್ಲೂ ಅವಳು ಉಸಿರೆಳೆದುಕೊಂಡದ್ದು ಸಹ ಕೇಳಿಸಿತು.

ಲೈನು ಹೇಗಿದೆ ಎಂದು ಇಮ್ರೊ ಕೇಳಿದ. ನಿಮ್ಮ ಒಲೆಯಲ್ಲಿ ಸೌದೆ ಚಿಟಚಿಟ ಎನ್ನುತ್ತಿರುವುದು ಕೇಳಿಸುತ್ತಿದೆ ಎಂದಳು. ಹಾಗಾದರೆ ತನ್ನ ಕೆಲಸ ಮುಗಿಯಿತು, ನಾಳೆ ಪೆಟ್ಟಿಗೆ ಒಪ್ಪಿಸುತ್ತೇನೆ ಎಂದ. "ನಿಮ್ಮಮ್ಮನಿಗೆ ಹೇಳು, ಹೊಸ ವರ್ಷದ ಮಾತು ನಾನಾಗೇ ಬಿಟ್ಟಿದ್ದೀನಿ ಅಂತ. ನನಗೀಗ ನೌಕರಿ ಇಲ್ಲ. ಅಜ್ಜನ ಇಕ್ಕಳ ಇದೆ, ಅಷ್ಟೆ. ನಾಡಿದ್ದಿಂದ ಮಡಕೆ ಕಟ್ಟೋಕೆ ಹೊರಡ್ತೀನಿ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಸರಿ," ಎಂದಳು ಯೋಲಾನಾ. "ಮೊದಲು ಇಲ್ಲಿಗೆ ಬಾ. ನಮ್ಮ ಎಕ್ಸ್‌ಚೇಂಜಿನ ನೀರಿನ ಹೂಜಿ ಒಡೆದಿದೆ."

ಇಮ್ರೊ ಸತ್ಯಕ್ಕೆ ಹುಟ್ಟಿದವನು, ಅವನಿಗೆ ಅದು ಹೊಳೆಯುವುದುಂಟೇ? "ನಿನ್ನೆ ಬೆಳಿಗ್ಗೆ ತವರ ತರೋಕೆ ಬಂದಾಗ ಅದರಲ್ಲೇ ನೀರು ಕುಡಿದೆನಲ್ಲ. ಚೆನ್ನಾಗಿತ್ತು," ಎಂದ.

"ಒಂದು ನಿಮಿಷ ಇರು," ಎಂದಳು.

ಕುರ್ಚಿ ಹಿಂದಕ್ಕೆ ಸರಿಯಿತು. ನಾಲ್ಕು ಹೆಜ್ಜೆ ಹೋದದ್ದು ಕೇಳಿಸಿತು. ಆಮೇಲೆ ಮಣ್ಣಿನ ಹೂಜಿಯೊಂದು ಕಲ್ಲುನೆಲಕ್ಕೆ ಬಿದ್ದು ಚೂರಾಗಿ, ಚೂರುಗಳು ಮೂಲೆಮೂಲೆಗೆ ಹಾರಿ, ಕೊನೆಯದೊಂದು ಗಿರಗಿರ ತಿರುಗಿ ನಿಂತ ಸದ್ದು ಬಂತು. ನಮ್ಮ ಲೈನಿನಲ್ಲಿ ಅಷ್ಟು ನಿಚ್ಚಳವಾಗಿ ಬೇರೆ ಯಾವ ಸದ್ದೂ ಬಂದಿರಲಿಲ್ಲ. ಒಲೆಯ ಬಳಿ ಕೂತಿದ್ದ ಅಜ್ಜನಿಗೂ ಕೇಳಿಸಿತು. ಕುರ್ಚಿ ಮತ್ತೆ ಹತ್ತಿರ ಬಂತು.

ಇಮ್ರೊನ ಕಣ್ಣಲ್ಲಿ ನೀರು. ಬಾಯಿಂದ ಬಂದದ್ದು ಮಾತ್ರ ಕಸುಬಿನ ಮಾತು.

"ಎಷ್ಟು ಚೂರಾಯ್ತು?"

"ಎಣಿಸೋದು ನಿನ್ನ ಕೆಲಸ," ಎಂದಳು ಯೋಲಾನಾ. "ಬೇಗ ಬಾ. ಅಮ್ಮಂಗೆ ನಾನು ಹೇಳ್ತೀನಿ."